ಪಪ್ಪನ ಫಾರ್ಮಿನಲ್ಲಿ ನನ್ನ ಹೆಸರು



ಅಮೆರಿಕದಲ್ಲಿ ವಿದ್ಯಾರ್ಥಿಗಳ ಜೀವನ ಹೇಗಿರುತ್ತದೆ, ಏನಾದರೂ ಬರೆದು ಕಳುಹಿಸು ಎಂದು ನಮ್ಮ ಯುವ ಸಂಘಟನೆಯ ಕಾರ್ಯದರ್ಶಿ ಮೂರು ಸಲ ಮೆಸೇಜು ಹಾಕಿದ್ದಾರೆ. ಇಲ್ಲಿಯ ರಸ್ತೆ, ಮಾಲ್, ಹಬ್ಬಗಳನ್ನೆಲ್ಲ ನೀವು ರೀಲ್ಸ್‌ನಲ್ಲಿ ನನಗಿಂತ ಹೆಚ್ಚು ನೋಡಿರುತ್ತೀರಿ. ಅದಕ್ಕೇ ನಾನು ಬೇರೆಯೇ ವಿಷಯ ಆರಿಸಿಕೊಂಡೆ: ಆದಾಯ ತೆರಿಗೆ. ಹೆಸರು ಕೇಳಿ ಪುಟ ಮುಚ್ಚಬೇಡಿ. ಪಪ್ಪನಿಗೂ ನನಗೂ ಎರಡು ವಾರ ಸರಿಯಾಗಿ ಮಾತಿಲ್ಲದಂತೆ ಮಾಡಿದ ವಿಷಯ ಇದು. ನಿಮ್ಮಲ್ಲಿ ಕೆಲವರು ನಾಳೆ ಇಲ್ಲಿಗೆ ಓದಲು ಬರುವವರು; ಕೆಲವರ ಅಣ್ಣ, ಅಕ್ಕ, ಚಿಕ್ಕಮ್ಮಂದಿರು ಈಗಾಗಲೇ ಇಲ್ಲಿದ್ದಾರೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನ್ನನ್ನು ಮರೆತವರಿಗಾಗಿ ಒಂದು ಮಾತು. ನಾನು 2019ರಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಿಂದ ಟಿ.ಸಿ. ತೆಗೆದುಕೊಂಡು ಇಲ್ಲಿ ಟೆಕ್ಸಾಸ್‌ಗೆ ಬಂದವಳು. ನಾನು ಹುಟ್ಟಿದ ವರ್ಷ, ಅಂದರೆ 2004ರಲ್ಲಿ, ಇಲ್ಲಿ ನರ್ಸ್ ಆಗಿರುವ ಅತ್ತೆ ಪಪ್ಪನ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ಅದರ ಸರದಿ ಬರುವಾಗ ಹದಿನೈದು ವರ್ಷ ಕಳೆದಿತ್ತು. ಊರಲ್ಲಿ ರಿಕ್ಷಾ ಓಡಿಸುತ್ತಿದ್ದ ಪಪ್ಪ ಇಲ್ಲಿ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಮಮ್ಮಿಗೆ ವಯಸ್ಸಾದವರ ಆರೈಕೆ ಮಾಡುವ ಒಂದು ಮನೆಯಲ್ಲಿ ನರ್ಸಿಂಗ್ ಸಹಾಯಕಿಯ ಕೆಲಸ. ತಮ್ಮ ಶಾಲೆಗೆ ಹೋಗುತ್ತಾನೆ. ನಾನು ಮನೆಯಿಂದ ಮೂರು ಗಂಟೆ ದೂರದ ಸರಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತೇನೆ, ಅಲ್ಲಿಯ ಲೈಬ್ರರಿಯಲ್ಲಿ ಗಂಟೆಗೆ 12 ಡಾಲರಿನ ಕೆಲಸವನ್ನೂ ಮಾಡುತ್ತೇನೆ. ಅಜ್ಜಿ ಮಾತ್ರ ಊರಲ್ಲೇ ಉಳಿದರು. ಅವರನ್ನು ನೋಡಿಕೊಳ್ಳಲು ಒಬ್ಬರು ಹೋಂ ನರ್ಸ್ ಇದ್ದಾರೆ. ಅವರ ಸಂಬಳ, ಅಜ್ಜಿಯ ಮದ್ದು, ಕರೆಂಟು ಬಿಲ್ಲು ಎಲ್ಲವೂ ಪಪ್ಪ ತಿಂಗಳು ತಿಂಗಳು ಕಳುಹಿಸುವ ಹಣದಿಂದಲೇ.

ಇಲ್ಲಿ ಜನವರಿ ತಿಂಗಳೆಂದರೆ ಕಾಗದಗಳ ತಿಂಗಳು. ವರ್ಷವಿಡೀ ಎಷ್ಟು ಸಂಬಳ ಕೊಟ್ಟೆವು, ಎಷ್ಟು ತೆರಿಗೆ ಹಿಡಿದುಕೊಂಡೆವು ಎಂದು ತೋರಿಸುವ ಡಬ್ಲ್ಯು-2 ಎಂಬ ಚೀಟಿಯನ್ನು ಕೆಲಸ ಕೊಟ್ಟವರು ಜನವರಿ ಮುಗಿಯುವುದರೊಳಗೆ ಕಳುಹಿಸಬೇಕು. ಕಾಲೇಜಿನಿಂದ 1098-ಟಿ ಬರುತ್ತದೆ. ಎಷ್ಟು ಫೀಸು ಬಂತು, ಎಷ್ಟು ಸ್ಕಾಲರ್‌ಶಿಪ್ ಸಿಕ್ಕಿತು ಎನ್ನುವುದು ಅದರಲ್ಲಿರುತ್ತದೆ. ಇವೆಲ್ಲವನ್ನೂ ಸೇರಿಸಿ ಏಪ್ರಿಲ್ 15ರೊಳಗೆ 1040 ಎಂಬ ಫಾರ್ಮು ತುಂಬಿ ಐಆರ್‌ಎಸ್ ಎಂಬ ತೆರಿಗೆ ಇಲಾಖೆಗೆ ಕಳುಹಿಸಬೇಕು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ನಮಗೆ ಇದೊಂದೇ ಫಾರ್ಮು.

2024ರಲ್ಲಿ ನನ್ನ ಸಂಬಳ ಒಟ್ಟು 8,640 ಡಾಲರ್. ಬೇಸಿಗೆ ರಜೆಯ ಹನ್ನೆರಡು ವಾರ ಪೂರ್ತಿ ಹೊತ್ತು ದುಡಿದದ್ದೇ ಅದರಲ್ಲಿ ದೊಡ್ಡ ಪಾಲು. ಆ ವಾರಗಳ ಸಂಬಳದಿಂದ 238 ಡಾಲರ್ ಆದಾಯ ತೆರಿಗೆ ಹಿಡಿದಿದ್ದರು. ಅದನ್ನು ವಾಪಸು ಪಡೆಯಲೆಂದು ನಾನೇ ಕುಳಿತು ಫಾರ್ಮು ತೆರೆದೆ. ಮೊದಲ ಪುಟದಲ್ಲೇ, ಹೆಸರು ವಿಳಾಸದ ಕೆಳಗೆ, ಒಂದು ಚೌಕವಿತ್ತು: ನಿಮ್ಮನ್ನು ಬೇರೆ ಯಾರಾದರೂ ಅವಲಂಬಿತರೆಂದು ತೋರಿಸಬಹುದೇ?

ಅವಲಂಬಿತೆ. ಆ ಪದ ನನಗೆ ಇಷ್ಟವಾಗಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಲೈಬ್ರರಿಯ ಬಾಗಿಲು ತೆರೆಯುವವಳು ನಾನು. ಪುಸ್ತಕ ಕೊಳ್ಳುವುದು, ಬಸ್ಸಿಗೆ ಕೊಡುವುದು, ಭಾನುವಾರ ಇಗರ್ಜಿಯ ಕಾಣಿಕೆಗೆ ಹಾಕುವುದು ಎಲ್ಲ ನನ್ನ ದುಡ್ಡು. ಜೊತೆಯಲ್ಲಿ ಓದುವ ಒಬ್ಬಳು, "ನೀನು ಸ್ವತಂತ್ರಳೆಂದು ಬರೆ. ಶಿಕ್ಷಣದ ಕ್ರೆಡಿಟ್ ನಿನಗೇ ಬರುತ್ತದೆ, ಸಾವಿರ ಡಾಲರ್ ಕೈಗೆ ಸಿಗುತ್ತದೆ" ಎಂದಳು. ಮನೆಗೆ ಫೋನು ಮಾಡಿ ಈ ಸಲ ನನ್ನ ಲೆಕ್ಕ ಬೇರೆಯಾಗಿಯೇ ಮಾಡೋಣವೇ ಎಂದು ಕೇಳಿದೆ. ಪಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇನ್ನೊಂದು ಕಾರ್ಡಿನಿಂದ ಹೆಸರು ತೆಗೆಯುವುದು ಬೇಡ" ಎಂದು ಫೋನನ್ನು ಮಮ್ಮಿಯ ಕೈಗೆ ಕೊಟ್ಟರು.

ಅದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಅಜ್ಜಿಯ ರೇಷನ್ ಕಾರ್ಡಿನ ಕಥೆ ಹೇಳಬೇಕು. ಇಲ್ಲಿಗೆ ಹೊರಡುವ ಮುಂಚೆ ನಾಲ್ಕು ಜನರ ಹೆಸರು ಕಾರ್ಡಿನಿಂದ ತೆಗೆಸಲು ಪಪ್ಪ ಹೋಗಿದ್ದರು. ನಾನೂ ಜೊತೆಗಿದ್ದೆ. ಐದು ಹೆಸರಿದ್ದ ಕಾರ್ಡಿನಲ್ಲಿ ಅಜ್ಜಿಯದೊಂದೇ ಉಳಿಯಿತು. ಹೊಸ ಕಾರ್ಡನ್ನು ಪಪ್ಪ ಶರ್ಟಿನ ಜೇಬಿನಲ್ಲಿಟ್ಟುಕೊಂಡವರು ಮನೆಗೆ ಬಂದರೂ ಅಜ್ಜಿಗೆ ಕೊಡಲಿಲ್ಲ. ಮರುದಿನ ದೇವರ ಪಟದ ಹಿಂದೆ ಇಟ್ಟು ಬಿಟ್ಟರು.

ಇಲ್ಲಿಯ ಅವಲಂಬಿತರ ಲೆಕ್ಕವೂ ಹೆಚ್ಚುಕಡಿಮೆ ರೇಷನ್ ಕಾರ್ಡಿನ ಹಾಗೆಯೇ. ಒಬ್ಬರ ಹೆಸರು ಒಂದೇ ಕಾರ್ಡಿನಲ್ಲಿರಬೇಕು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಯಾವ ಕಾರ್ಡು ಎಂದು ನಾವು ಇಷ್ಟಬಂದಂತೆ ಆರಿಸುವ ಹಾಗಿಲ್ಲ. ಫಾರ್ಮಿನ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. "ತೋರಿಸುತ್ತಾರೆಯೇ" ಎಂದು ಕೇಳಿಲ್ಲ, "ತೋರಿಸಬಹುದೇ" ಎಂದು ಕೇಳಿದೆ. ತಂದೆತಾಯಿಗೆ ಆ ಹಕ್ಕು ಇದ್ದರೆ ಸಾಕು, ಅವರು ತೋರಿಸಲಿ ಬಿಡಲಿ, ಮಗಳು ಆ ಚೌಕದಲ್ಲಿ ಗುರುತು ಹಾಕಲೇಬೇಕು.

ಹಕ್ಕು ಇದೆಯೋ ಇಲ್ಲವೋ ಎಂದು ನೋಡಲು ಕೆಲವು ಪ್ರಶ್ನೆಗಳಿವೆ. ಮಗ ಅಥವಾ ಮಗಳು ವರ್ಷದ ಕೊನೆಗೆ 19ಕ್ಕಿಂತ ಚಿಕ್ಕವರಾಗಿರಬೇಕು. ವರ್ಷದ ಐದು ತಿಂಗಳಾದರೂ ಪೂರ್ಣಕಾಲಿಕ ವಿದ್ಯಾರ್ಥಿಯಾಗಿದ್ದರೆ 24ಕ್ಕಿಂತ ಚಿಕ್ಕವರು ಸಾಕು. ನನಗೆ ಆಗ 20. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ತಂದೆತಾಯಿಯ ಜೊತೆ ವಾಸವಾಗಿರಬೇಕು. ಆದರೆ ಓದಿಗಾಗಿ ಹಾಸ್ಟೆಲಿನಲ್ಲಿರುವುದನ್ನು ತಾತ್ಕಾಲಿಕ ಗೈರು ಎಂದಷ್ಟೇ ಎಣಿಸುತ್ತಾರೆ, ಮನೆಯಲ್ಲಿದ್ದ ಹಾಗೆಯೇ ಲೆಕ್ಕ. ಕೊನೆಯ ಮುಖ್ಯ ಪ್ರಶ್ನೆ, ತನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಗಳು ತಾನೇ ಭರಿಸಿದ್ದಾಳೆಯೇ?

ಇದನ್ನು ನೋಡೋಣವೆಂದು ಒಂದು ಶನಿವಾರ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕುಳಿತೆ. ಸ್ಕಾಲರ್‌ಶಿಪ್ ಕಳೆದ ಮೇಲೆ ಪಪ್ಪ ಕಟ್ಟಿದ ಫೀಸು 4,300 ಡಾಲರ್. ಹಾಸ್ಟೆಲು ಮತ್ತು ಊಟಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು. ಆರೋಗ್ಯ ವಿಮೆ, ಫೋನು, ರಜೆಯಲ್ಲಿ ಮನೆಯ ಊಟ, ಮಲಗುವ ಕೋಣೆ. ಇನ್ನೊಂದು ಬದಿಯಲ್ಲಿ ನನ್ನ ಸಂಬಳದಿಂದ ನಾನು ಖರ್ಚು ಮಾಡಿದ್ದು: ಸುಮಾರು ಐದು ಸಾವಿರ. ಉಳಿದದ್ದು ಬ್ಯಾಂಕಿನಲ್ಲಿತ್ತು. ದುಡಿದದ್ದಲ್ಲ, ತನಗಾಗಿ ಖರ್ಚು ಮಾಡಿದ್ದು ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಕಾಲರ್‌ಶಿಪ್ ಹಣವನ್ನು ಮಗಳೇ ಭರಿಸಿದ ಖರ್ಚೆಂದು ಎಣಿಸುವುದಿಲ್ಲ.

ಆ ಪುಟವನ್ನು ತುಂಬ ಹೊತ್ತು ನೋಡಿದೆ. ಎಡಗಡೆ ಉದ್ದದ ಪಟ್ಟಿ, ಬಲಗಡೆ ಒಂದೇ ಸಾಲು. ಪಪ್ಪನ ರಾತ್ರಿ ಪಾಳಿಗಳನ್ನು ನಾನು ಅದಕ್ಕೆ ಮುಂಚೆ ಎಂದೂ ಹಾಗೆ ಬರೆದು ನೋಡಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಶನಿವಾರ ಮೂವರೂ ಸೇರಿ ಊರಿನ ಸಾರ್ವಜನಿಕ ಲೈಬ್ರರಿಗೆ ಹೋದೆವು. ಸಾಧಾರಣ ಆದಾಯದವರಿಗೆ ಉಚಿತವಾಗಿ ಫಾರ್ಮು ತುಂಬಿಸಿ ಕೊಡುವ ವೀಟಾ ಎಂಬ ಕಾರ್ಯಕ್ರಮ ಅಲ್ಲಿ ನಡೆಯುತ್ತದೆ. ಐಆರ್‌ಎಸ್‌ನ ಪರೀಕ್ಷೆ ಪಾಸಾದ ಸ್ವಯಂಸೇವಕರು ಲೈಬ್ರರಿ, ಕಾಲೇಜು, ಇಗರ್ಜಿಯ ಸಭಾಭವನ ಮುಂತಾದ ಕಡೆ ಕುಳಿತು ಈ ಸೇವೆ ಮಾಡುತ್ತಾರೆ. ನಮಗೆ ಸಿಕ್ಕಿದವರು ನಿವೃತ್ತರಾದ ಒಬ್ಬ ಹಿರಿಯರು. ಎರಡು ಕನ್ನಡಕ ಇಟ್ಟುಕೊಂಡಿದ್ದರು, ಒಂದು ಕಂಪ್ಯೂಟರಿಗೆ, ಒಂದು ನಮ್ಮ ಮುಖ ನೋಡಲು. ಸುಂಕದ ಕಟ್ಟೆಯಿಂದ ಎದ್ದು ಬಂದ ಸಂತ ಮತ್ತಾಯರು ಲೆಕ್ಕಿಗರ ಪಾಲಕರು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ನನಗೆ ಅವರನ್ನು ಕಂಡಾಗ ನೆನಪಾಯಿತು.

ಅವರು ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ನನ್ನ ಫಾರ್ಮಿನಿಂದ ಶುರು. 2024ರಲ್ಲಿ ಒಂಟಿ ವ್ಯಕ್ತಿಗೆ ಆದಾಯದಿಂದ ಕಳೆಯಲು ಸಿಗುವ ಸ್ಟಾಂಡರ್ಡ್ ಡಿಡಕ್ಷನ್ 14,600 ಡಾಲರ್. ಅವಲಂಬಿತರಿಗೆ ಅದು ಪೂರ್ತಿ ಸಿಗುವುದಿಲ್ಲ. ದುಡಿದ ಸಂಬಳಕ್ಕೆ 450 ಡಾಲರ್ ಸೇರಿಸಿದರೆ ಎಷ್ಟೋ ಅಷ್ಟು, ಅಥವಾ 1,300 ಡಾಲರ್, ಇವೆರಡರಲ್ಲಿ ಯಾವುದು ದೊಡ್ಡದೋ ಅದು. ನನಗೆ 9,090. ಬ್ಯಾಂಕ್ ಬಡ್ಡಿ 31 ಡಾಲರ್ ಸೇರಿಸಿದರೂ ನನ್ನ ಆದಾಯ 8,671. ಅಂದರೆ ತೆರಿಗೆ ಸೊನ್ನೆ. ಅವಲಂಬಿತೆ ಎಂದು ಗುರುತು ಹಾಕಿದರೂ ಸೊನ್ನೆ, ಹಾಕದಿದ್ದರೂ ಸೊನ್ನೆ. ಹಿಡಿದ 238 ಡಾಲರ್ ಪೂರ್ತಿ ವಾಪಸು. ನಿಜ ಹೇಳಬೇಕೆಂದರೆ ಇಷ್ಟು ಆದಾಯಕ್ಕೆ ನಾನು ಫಾರ್ಮು ಕಳುಹಿಸಲೇಬೇಕೆಂಬ ನಿಯಮವೂ ಇಲ್ಲ. ಆದರೆ ಕಳುಹಿಸದೆ ರೀಫಂಡ್ ಬರುವುದಿಲ್ಲ.

ಬೇಸಿಗೆಯ ಸಂಬಳದಿಂದ ಹೋದ ಇನ್ನೊಂದು ಸುಮಾರು 440 ಡಾಲರ್ ಮಾತ್ರ ಹಿಂದೆ ಬರುವುದಿಲ್ಲ. ಅದು ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್‌ಗೆ ಹೋದ ಶೇಕಡಾ 7.65, ವೃದ್ಧರ ಪಿಂಚಣಿಗೂ ಚಿಕಿತ್ಸೆಗೂ ಸಲ್ಲುವ ಹಣ. ತರಗತಿ ನಡೆಯುವ ತಿಂಗಳುಗಳಲ್ಲಿ ಓದುವ ಕಾಲೇಜಿನಲ್ಲೇ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಇದರಿಂದ ವಿನಾಯಿತಿ ಇದೆ. ತರಗತಿ ಇಲ್ಲದ ರಜೆಯಲ್ಲಿ ಸಾಮಾನ್ಯವಾಗಿ ಇಲ್ಲ. "ಅದು ಮಮ್ಮಿ ನೋಡಿಕೊಳ್ಳುವ ಅಜ್ಜಿಯಂದಿರಿಗೆ ಹೋಯಿತು ಅಂತ ತಿಳಿದುಕೋ" ಎಂದರು ಮಮ್ಮಿ, ತಮಾಷೆಗೆ.

ಆಮೇಲೆ ಪಪ್ಪ ಮಮ್ಮಿಯ ಫಾರ್ಮು. ನನ್ನ ಹೆಸರಿದ್ದರೆ 17 ದಾಟಿದ ಅವಲಂಬಿತರಿಗೆ ಸಿಗುವ 500 ಡಾಲರ್ ಕ್ರೆಡಿಟ್ ಉಂಟು. ಕ್ರೆಡಿಟ್ ಎಂದರೆ ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ. ಅದಕ್ಕಿಂತ ದೊಡ್ಡದು ಕಾಲೇಜು ಫೀಸಿನ ಕ್ರೆಡಿಟ್. ಮೊದಲ 2,000 ಡಾಲರ್ ಫೀಸಿಗೆ ಪೂರ್ತಿ, ಮುಂದಿನ 2,000ಕ್ಕೆ ಕಾಲು ಭಾಗ, ಒಟ್ಟು 2,500 ಡಾಲರ್ ವರೆಗೆ, ಹೆಚ್ಚೆಂದರೆ ನಾಲ್ಕು ವರ್ಷ. ಅದರಲ್ಲಿ 1,000 ಡಾಲರ್ ವರೆಗೆ, ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೂ ಕೈಗೆ ಬರುತ್ತದೆ. ಫೀಸು ಮತ್ತು ಪುಸ್ತಕ ಇದಕ್ಕೆ ಸಲ್ಲುತ್ತದೆ. ಹಾಸ್ಟೆಲು, ಊಟ ಸಲ್ಲುವುದಿಲ್ಲ. ನಮ್ಮ 4,300 ಡಾಲರ್ ಫೀಸಿಗೆ ಪೂರ್ತಿ 2,500 ಸಿಕ್ಕಿತು. ಎರಡೂ ಸೇರಿ 3,000 ಡಾಲರ್.

ಇದೇ ಕ್ರೆಡಿಟ್ ನನಗೆ ಸಿಗುತ್ತಿತ್ತೇ? ನನ್ನ ಸಹಪಾಠಿ ಹೇಳಿದ ಆ ಸಾವಿರ ಡಾಲರ್? ಹಿರಿಯರು ತಲೆ ಅಲ್ಲಾಡಿಸಿದರು. 24ಕ್ಕಿಂತ ಚಿಕ್ಕವಳು, ಪೂರ್ಣಕಾಲಿಕ ವಿದ್ಯಾರ್ಥಿನಿ, ತನ್ನ ದುಡಿಮೆಯಿಂದ ಅರ್ಧ ಖರ್ಚನ್ನೂ ಭರಿಸದವಳು, ತಂದೆತಾಯಿ ಬದುಕಿದ್ದಾರೆ: ಇಂಥವರಿಗೆ ಕೈಗೆ ಬರುವ ಆ ಭಾಗ ಇಲ್ಲವೇ ಇಲ್ಲ. ಉಳಿದ ಭಾಗ ತೆರಿಗೆ ಕಟ್ಟುವವರಿಗೆ ಮಾತ್ರ ಉಪಯೋಗ. ನನ್ನ ತೆರಿಗೆಯೇ ಸೊನ್ನೆ. ಒಂದು ಕಡೆ ಮೂರು ಸಾವಿರ, ಇನ್ನೊಂದು ಕಡೆ ಏನೂ ಇಲ್ಲ. ನಾನು ಚೌಕದಲ್ಲಿ ಗುರುತು ಹಾಕಿದೆ. ಆ ಮೂರು ಸಾವಿರ ನನ್ನದೇ ಮುಂದಿನ ಸೆಮಿಸ್ಟರಿನ ಫೀಸಿಗೆ ಹೋಯಿತು.

ನಾನು ಹೇಳಬೇಕೆಂದಿದ್ದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ತಮ್ಮನ ಹೆಸರೂ ಸೇರಿಸಿದ ಮೇಲೆ ಹಿರಿಯರು, "ನೀವು ಸಾಕುವವರು ಇನ್ನು ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು. ಪಪ್ಪ ತಕ್ಷಣ, "ಇದ್ದಾರೆ, ನನ್ನ ತಾಯಿ" ಎಂದರು. ಬ್ಯಾಗಿನಿಂದ ಹಣ ಕಳುಹಿಸಿದ ರಶೀದಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಹನ್ನೆರಡು ತಿಂಗಳದ್ದೂ ಇತ್ತು, ರಬ್ಬರ್ ಬ್ಯಾಂಡು ಹಾಕಿ ಜೋಡಿಸಿದ್ದು. ಅವರು ಅದನ್ನು ತರುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ. ಹಿರಿಯರು ಕನ್ನಡಕ ಬದಲಿಸಿ, "ತಾಯಿ ಎಲ್ಲಿದ್ದಾರೆ?" ಎಂದರು. ಭಾರತದಲ್ಲಿ ಎಂದಾಗ ರಶೀದಿಗಳನ್ನು ನಿಧಾನವಾಗಿ ಹಿಂದೆ ಸರಿಸಿದರು.

ನಿಯಮ ಸ್ಪಷ್ಟವಾಗಿದೆ. ಅವಲಂಬಿತರು ಅಮೆರಿಕದ ಪ್ರಜೆ ಅಥವಾ ನಿವಾಸಿಯಾಗಿರಬೇಕು. ಕೆನಡಾ, ಮೆಕ್ಸಿಕೋದಲ್ಲಿ ವಾಸವಾಗಿರುವವರಾದರೂ ಆಗುತ್ತದೆ. ಕಾಸರಗೋಡು ಆ ಪಟ್ಟಿಯಲ್ಲಿಲ್ಲ. ವಾರಕ್ಕೆ ಹತ್ತು ಗಂಟೆ ದುಡಿಯುವ, ಕೈಕಾಲು ಗಟ್ಟಿ ಇರುವ ನಾನು ಅವಲಂಬಿತೆ. ಎದ್ದು ನಿಲ್ಲಲು ಒಬ್ಬರ ಕೈ ಬೇಕಾದ, ಮಗನ ಹಣವೊಂದರಿಂದಲೇ ಬದುಕುವ ಅಜ್ಜಿ ಅಲ್ಲ. ತನ್ನ ದೇಶದ ನಿವಾಸಿಗಳ ಲೆಕ್ಕ ಇಡಲು ಆ ಸರಕಾರ ಮಾಡಿಕೊಂಡ ಗೆರೆ ಅದು. ಎಲ್ಲೋ ಒಂದು ಕಡೆ ಎಳೆಯಲೇಬೇಕು. ಅಷ್ಟು ನನಗೂ ತಿಳಿಯುತ್ತದೆ. ಆದರೂ ಪಪ್ಪ ಆ ರಶೀದಿಗಳಿಗೆ ಮತ್ತೆ ರಬ್ಬರ್ ಬ್ಯಾಂಡು ಹಾಕುತ್ತಿದ್ದಾಗ ನಾವ್ಯಾರೂ ಅವರ ಮುಖ ನೋಡಲಿಲ್ಲ.

ಕಾರಿನಲ್ಲಿ ವಾಪಸು ಬರುವಾಗ ಪಪ್ಪ ನನ್ನೊಡನೆ ಮಾತಾಡಿದರು. ಎರಡು ವಾರಗಳ ನಂತರ. "ನಿನ್ನ ದುಡ್ಡು ನನಗೆ ಬೇಡ ಮಗಾ. ಹೆಸರು ಮಾತ್ರ ಇನ್ನು ಸ್ವಲ್ಪ ವರ್ಷ ಇರಲಿ" ಎಂದರು. ಅಲ್ಲಿಯ ತನಕ ನಾನು ಇದನ್ನು ನನ್ನ ಸ್ವಾತಂತ್ರ್ಯದ ವಿಷಯವೆಂದೇ ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಬೇರೆ. ತಾಯಿಯ ಕಾರ್ಡಿನಿಂದ ತಾವೇ ಹೆಸರು ತೆಗೆಸಿ ಬಂದವರು ಅವರು. ಈಗ ತಾಯಿಯನ್ನು ತನ್ನ ಕಾರ್ಡಿಗೆ ಸೇರಿಸಲೂ ಆಗುವುದಿಲ್ಲ. ಉಳಿದದ್ದು ನಾವಿಬ್ಬರು ಮಕ್ಕಳು.

ಭಾನುವಾರ ಅಜ್ಜಿಗೆ ವೀಡಿಯೋ ಕಾಲ್ ಮಾಡಿದಾಗ ತಮ್ಮ ಎಲ್ಲವನ್ನೂ ಹೇಳಿಬಿಟ್ಟ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. "ನನ್ನ ಹೆಸರು ಅಲ್ಲಿ ಬರೆದರೆ ಅಕ್ಕಿ ಸಿಗುತ್ತದಾ?" ಎಂದು ಅಜ್ಜಿ ಕೇಳಿದರು. ಅಕ್ಕಿ ಇಲ್ಲ ಅಜ್ಜಿ, ಪಪ್ಪನ ಟ್ಯಾಕ್ಸ್ ಕಡಿಮೆಯಾಗುತ್ತದೆ ಎಂದೆ. "ಹಾಗಾದರೆ ಬಿಡು. ಇಲ್ಲಿ ಇಗರ್ಜಿಯ ಪುಸ್ತಕದಲ್ಲಿ ನಮ್ಮ ಮನೆಯ ಐದೂ ಹೆಸರು ಹಾಗೇ ಉಂಟು. ಮೊನ್ನೆ ಗುರಿಕಾರರು ಬಂದಾಗ ಕೇಳಿದೆ. ವಿಗಾರರು ತೆಗೆಯಲಿಲ್ಲವಂತೆ." ಪಪ್ಪ ಮುಖ ತೊಳೆಯಬೇಕೆಂದು ಎದ್ದು ಹೋದರು.

ಇನ್ನು ಉಪಯೋಗಕ್ಕೆ ಬರುವ ನಾಲ್ಕು ಮಾತು.

ಇಲ್ಲಿರುವ ವಿದ್ಯಾರ್ಥಿಗಳೇ, ಫಾರ್ಮು ಕಳುಹಿಸುವ ಮುಂಚೆ ಮನೆಯವರೊಡನೆ ಮಾತಾಡಿ. ನನ್ನ ಕೋಣೆಯ ಗೆಳತಿ ಯಾರಿಗೂ ಹೇಳದೆ, ಆ ಚೌಕ ಖಾಲಿ ಬಿಟ್ಟು ಕಳುಹಿಸಿದ್ದಳು. ಅವಳ ತಂದೆ ಅವಳ ಹೆಸರು ಸೇರಿಸಿ ಆನ್‌ಲೈನಿನಲ್ಲಿ ಕಳುಹಿಸಿದಾಗ ತಿರಸ್ಕಾರವಾಗಿ ವಾಪಸು ಬಂತು. ಒಂದೇ ಹೆಸರು ಎರಡು ಕಾರ್ಡಿನಲ್ಲಿ. ಅವಳು 1040-ಎಕ್ಸ್ ಎಂಬ ತಿದ್ದುಪಡಿ ಫಾರ್ಮು ಹಾಕಬೇಕಾಯಿತು, ತಂದೆ ಕಾಗದದ ಫಾರ್ಮನ್ನು ಅಂಚೆಯಲ್ಲಿ ಕಳುಹಿಸಬೇಕಾಯಿತು. ರೀಫಂಡಿಗಾಗಿ ತಿಂಗಳುಗಟ್ಟಲೆ ಕಾದರು. ಸ್ಕಾಲರ್‌ಶಿಪ್‌ನಲ್ಲಿ ಫೀಸು, ಪುಸ್ತಕಕ್ಕೆ ಹೋದ ಭಾಗಕ್ಕೆ ತೆರಿಗೆ ಇಲ್ಲ. ಹಾಸ್ಟೆಲಿಗೆ, ಊಟಕ್ಕೆ ಬಳಸಿದ ಭಾಗ ಆದಾಯವೆಂದೇ ಲೆಕ್ಕ ಎನ್ನುವುದೂ ನೆನಪಿರಲಿ. ಹಿಂದಿನ ವರ್ಷಗಳಲ್ಲಿ ತೆರಿಗೆ ಹಿಡಿದಿದ್ದು ರೀಫಂಡ್ ಕೇಳದೆ ಬಿಟ್ಟವರಿಗೆ ಸಾಮಾನ್ಯವಾಗಿ ಮೂರು ವರ್ಷದ ಅವಕಾಶವಿದೆ. ನಾನು ಕೊಟ್ಟ ಅಂಕಿಗಳು 2024ರವು. ವರ್ಷ ವರ್ಷ ಬದಲಾಗುತ್ತವೆ.

ಊರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರ ದಾರಿ ಬೇರೆ. ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು. ಅವರ ಫಾರ್ಮು 1040-ಎನ್‌ಆರ್. ಸಂಬಳವೇ ಇಲ್ಲದಿದ್ದರೂ 8843 ಎಂಬ ಫಾರ್ಮು ಕಳುಹಿಸಬೇಕು. ಫೀಸಿನ ಕ್ರೆಡಿಟ್ ಅವರಿಗಿಲ್ಲ. ಆದರೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಸ್ಟಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶಗಳ ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ಇಲ್ಲ. ಬಿಡಬೇಡಿ, ಕೇಳಿ ಪಡೆಯಿರಿ.

ಊರಲ್ಲೇ ಓದುತ್ತಿರುವವರಿಗೆ ಅವಲಂಬಿತರ ಚೌಕದ ಗೊಂದಲವಿಲ್ಲ. ಭಾರತದಲ್ಲಿ 18 ತುಂಬಿದವರ ಆದಾಯ ಅವರದ್ದೇ ಲೆಕ್ಕ. ಚಿಕ್ಕ ಮಕ್ಕಳ ಹೆಸರಿನ ಬಡ್ಡಿ ಮುಂತಾದ ಆದಾಯವನ್ನು ತಂದೆತಾಯಿಯಲ್ಲಿ ಹೆಚ್ಚು ಆದಾಯವಿರುವವರಿಗೆ ಸೇರಿಸುತ್ತಾರೆ. ಆದರೆ ಸ್ಟೈಪೆಂಡಿನಿಂದಲೋ ಠೇವಣಿಯ ಬಡ್ಡಿಯಿಂದಲೋ ಟಿಡಿಎಸ್ ಹಿಡಿದಿದ್ದು, ನಿಮ್ಮ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ, ರಿಟರ್ನ್ ಸಲ್ಲಿಸಿದರೆ ಆ ಹಣ ವಾಪಸು ಬರುತ್ತದೆ. ಸಣ್ಣ ಮೊತ್ತವೆಂದು ಬಿಡಬೇಡಿ. ಮೊದಲ ರಿಟರ್ನನ್ನು ಮನೆಯ ಹಿರಿಯರ ಜೊತೆ ಕುಳಿತು ತುಂಬಿ. ನಿಮ್ಮ ಓದಿಗೆ ಮನೆಯಿಂದ ಎಷ್ಟು ಹೋಗುತ್ತದೆ ಎನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ. ನನಗೆ ತೆರಿಗೆಯ ನಿಯಮಗಳಿಗಿಂತ ಹೆಚ್ಚು ಕಲಿಸಿದ್ದು ಆ ಹಾಳೆ.

ಮೇ ತಿಂಗಳಲ್ಲಿ ನನ್ನ 238 ಡಾಲರ್ ಬ್ಯಾಂಕಿಗೆ ಬಂತು. ಅದರಲ್ಲಿ ಅರ್ಧವನ್ನು ಊರಿಗೆ ಕಳುಹಿಸಿದೆ, ಹೋಂ ನರ್ಸ್ ಅಕ್ಕನಿಗೆ ಹೊಸ ಸೀರೆ ಮತ್ತು ಅಜ್ಜಿಗೆ ಬಾತ್‌ರೂಮಿನಲ್ಲಿ ಹಿಡಿದುಕೊಳ್ಳುವ ಕಂಬಿ ಹಾಕಿಸಲು. ಕಂಬಿ ಹಾಕಿಸಿ ಆಯಿತಂತೆ. ನಮ್ಮ ವಾಳೆಯ ಯುವಕರೇ ಬಂದು ಗೋಡೆಗೆ ತೂತು ಕೊರೆದು ಕೂರಿಸಿದರೆಂದು ಅಜ್ಜಿ ಹೇಳಿದರು. ಕೂಲಿ ತೆಗೆದುಕೊಳ್ಳಲಿಲ್ಲವಂತೆ, ಚಹಾ ಮಾತ್ರ ಕುಡಿದರಂತೆ. ಆ ಹುಡುಗರು ಯಾರೆಂದು ಅಜ್ಜಿಗೆ ಹೆಸರು ನೆನಪಿಲ್ಲ. ಓದುತ್ತಿದ್ದರೆ ಇಲ್ಲೇ ನನ್ನ ಕೃತಜ್ಞತೆ ಸ್ವೀಕರಿಸಿ.